ಧಾರೆ ಮುಗಿಯುವವರೆಗೆ

ಮುಕುಂದಯ್ಯ ಬಿದ್ದದ್ದು ಮೊಮ್ಮಗಳ ಮದುವೆಯ ದಿನ ಬೆಳಿಗ್ಗೆ. ತೀರ್ಥಹಳ್ಳಿಯ ಕಲ್ಯಾಣ ಮಂಟಪದ ಹಿಂದೆ, ಕಡುಬು ತಿಂದು ಕೈ ತೊಳೆಯಲು ನಲ್ಲಿಗೆ ಬಗ್ಗಿದವರು ಹಾಗೆಯೇ ಮುಂದಕ್ಕೆ ಕವುಚಿದರು. ಅಡುಗೆಯವರು ಜಾರಿರಬೇಕೆಂದುಕೊಂಡರು. ಎತ್ತಿ ಕೂರಿಸಲು ಹೋದರೆ ತಲೆ ಪಕ್ಕಕ್ಕೆ ವಾಲಿತು. ಬಾಯಲ್ಲಿ ಇನ್ನೂ ಚಟ್ನಿ ಇತ್ತು.

ಮಗ ಪೂರ್ಣೇಶ್ ಓಡಿ ಬಂದ. ಮದುವಣಗಿತ್ತಿ ದೀಪಶ್ರೀಯ ತಂದೆ ಅವನು. ಅವನ ಹಿಂದೆಯೇ ಅವನ ಹೆಂಡತಿಯ ತಮ್ಮ ಕಿರಣ್ ಬಂದ. ಕಿರಣ್ ಊರಿನಲ್ಲೇ ನರ್ಸಿಂಗ್ ಹೋಂ ನಡೆಸುವ ಡಾಕ್ಟರು. ರೇಷ್ಮೆ ಪಂಚೆಯಲ್ಲೇ ಮಂಡಿಯೂರಿ ಮುದುಕನ ಎದೆ ಒತ್ತಲು ಶುರುಮಾಡಿದ, ಅವನ ನರ್ಸಿಂಗ್ ಹೋಮಿನ ಆಂಬುಲೆನ್ಸ್ ಬರುವವರೆಗೂ ಒತ್ತಿದ.

ಆ ಆಂಬುಲೆನ್ಸಿನಲ್ಲಿ ಒಂದು ಯಂತ್ರವಿತ್ತು. ಬೆನ್ನಿನ ಕೆಳಗೆ ಒಂದು ಹಲಗೆ, ಎದೆಯ ಮೇಲೆ ಕಮಾನು, ಕಮಾನಿನಿಂದ ಇಳಿಯುವ ರಬ್ಬರಿನ ಬಟ್ಟಲು. ಮನುಷ್ಯನ ಕೈ ಸೋಲುತ್ತದೆ, ಅದು ಸೋಲುವುದಿಲ್ಲ. ಗುಂಡಿ ಒತ್ತಿದರೆ ಒಂದೇ ಸಮ ಎದೆಯನ್ನು ಒತ್ತುತ್ತಲೇ ಇರುತ್ತದೆ. ಸುತ್ತಿನ ತಾಲೂಕುಗಳಲ್ಲಿ ಅಂಥದ್ದು ಬೇರೆ ಇರಲಿಲ್ಲ. ತಂದೆಗೆ ಎಪ್ಪತ್ತೈದು ತುಂಬಿದಾಗ ಪೂರ್ಣೇಶನೇ ಅವರ ಹೆಸರಿನಲ್ಲಿ ಅದನ್ನು ಕಿರಣನ ಆಸ್ಪತ್ರೆಗೆ ಕೊಟ್ಟಿದ್ದ. ಆವತ್ತು ವೇದಿಕೆಯ ಮೇಲೆ ಒಂದು ಗೊಂಬೆಯನ್ನು ಮಲಗಿಸಿ ತೋರಿಸಿದ್ದರು. ಮುಕುಂದಯ್ಯ ಮೊದಲ ಸಾಲಿನಲ್ಲಿ ಕೂತು, "ಅವಲಕ್ಕಿ ಕುಟ್ಟೋ ಮಿಷನ್ ಇದ್ದಂಗೆ ಉಂಟಲ್ಲೋ" ಎಂದು ಎಲ್ಲರನ್ನೂ ನಗಿಸಿದ್ದರು.

ಈಗ ನರ್ಸ್ ವಿನಯಾ ಅವರ ಜುಬ್ಬವನ್ನು ಕತ್ತರಿಸಿ ತೆಗೆದು, ಯಂತ್ರವನ್ನು ಕೂರಿಸಿ ಗುಂಡಿ ಒತ್ತಿದಳು. ಆಕೆ ಬ್ಯಾಕೋಡಿನ ಕಡೆಯ ಹುಡುಗಿ, ಮಾತು ಕಡಿಮೆ. ಆಂಬುಲೆನ್ಸನ್ನು ಅಡುಗೆಮನೆಯ ಹಿಂದೆ ಹಲಸಿನ ಮರದ ಕೆಳಗೆ ನಿಲ್ಲಿಸಿದರು. ಕಿರಣ್ ಸೂಜಿ ಹಾಕಿದ, ಔಷಧಿ ಕೊಟ್ಟ, ಪರದೆಯ ಗೆರೆ ನೋಡಿದ. ಗೆರೆ ಏಳಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಕೆಳಗಿಳಿದು ಬೆವರು ಒರೆಸಿಕೊಂಡ.

"ಭಾವ, ಮುಗೀತು."

ಪೂರ್ಣೇಶ್ ಸುತ್ತ ನೋಡಿದ. ಯಾರೂ ಕೇಳಿಸಿಕೊಂಡಿರಲಿಲ್ಲ.

"ಮುಗೀತು ಅಂತ ನೀನು ಹೇಳಿದ್ರೆ ಮುಗೀತು. ಹೇಳಬೇಡ."

"ಎಂತ ಮಾತು ಭಾವ ಇದು?"

"ಮಿಷನ್ ನಡೀತಾ ಇರ್ಲಿ. ಧಾರೆ ಆಗೋವರೆಗೆ."

ಕಿರಣನಿಗೆ ಕಾರಣ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ದೀಪಶ್ರೀಗೆ ನಿಶ್ಚಯವಾಗಿದ್ದ ಹುಡುಗ ಮದುವೆಗೆ ಮೊದಲೇ ಬೈಕ್ ಅಪಘಾತದಲ್ಲಿ ಸತ್ತಿದ್ದ. ಅವಳ ಕಾಲ್ಗುಣ ಸರಿಯಿಲ್ಲ ಎಂದು ಜನ ಬಾಯಿಬಿಟ್ಟೇ ಹೇಳಿದ್ದರು. ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು ಹೋದವು. ಕೊನೆಗೆ ಸಾಗರದ ಒಂದು ಮನೆ ಒಪ್ಪಿತ್ತು. ಮಂಟಪದಲ್ಲೇ ಅಜ್ಜ ಹೆಣವಾದರೆ ಅವರು ಎದ್ದು ಹೋಗುತ್ತಾರೆ, ಮತ್ತೆ ಈ ಜನ್ಮದಲ್ಲಿ ಯಾರೂ ಬರುವುದಿಲ್ಲ. ಕಿರಣ್ ನೆಲ ನೋಡಿದ. ಸೋದರಮಾವನಾಗಿ ಅವಳನ್ನು ಮಂಟಪಕ್ಕೆ ಕರೆತರಬೇಕಾದವನು ಅವನೇ.

"ಬ್ಯಾಟರಿ ಅಷ್ಟು ಹೊತ್ತು ಬರಲ್ಲ," ಎಂದ.

ರುಬ್ಬುವ ಗ್ರೈಂಡರಿನ ವೈರ್ ಕಿತ್ತು, ಅಡುಗೆಮನೆಯ ಕಿಟಕಿಯಿಂದ ಆಂಬುಲೆನ್ಸಿಗೆ ಕರೆಂಟ್ ಎಳೆದರು. ನೆಂಟರಿಗೆ, ಬಿ.ಪಿ. ಇಳಿದಿದೆ, ಡ್ರಿಪ್ ಹಾಕಿದ್ದಾರೆ, ಗಲಾಟೆ ಮಾಡಬೇಡಿ ಎಂದು ಹೇಳಿದರು.

ಮುಕುಂದಯ್ಯನ ಹೆಂಡತಿ ದುಗ್ಗಮ್ಮನಿಗೂ ಅದನ್ನೇ ಹೇಳಿದ್ದರು. ಅವರು ಆಂಬುಲೆನ್ಸಿನೊಳಗೆ ಗಂಡನ ಕಾಲ ಬಳಿ ಕೂತಿದ್ದರು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ವಿನಯಾ ಮೂಗು ಬಾಯಿ ಮುಚ್ಚುವ ಮುಖವಾಡ ಹಿಡಿದು ಗಾಳಿಚೀಲ ಹಿಸುಕುತ್ತಿದ್ದಳು. ಏಳುವ ಎದೆ ಬದುಕಿದ ಎದೆಯಲ್ಲದೆ ಮತ್ತೇನು ಎಂದು ದುಗ್ಗಮ್ಮ ನಂಬಿದ್ದರು. "ಸ್ವಲ್ಪ ತಡ್ಕಳಿ, ನಮ್ಮ ದೀಪುದು ಧಾರೆ ನೋಡ್ಬೇಕಲ್ಲ" ಎಂದು ಗಂಡನ ಪಾದ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಪಾದ ತಣ್ಣಗಾಗುತ್ತಿತ್ತು.

ಆಗ ಒಣಕಡ್ಡಿ ಮುರಿದಂಥ ಸದ್ದಾಯಿತು. ದುಗ್ಗಮ್ಮ ಬೆಚ್ಚಿದರು.

"ಎಂತ ಅದು?"

"ಪಕ್ಕೆಲುಬು ಅಮ್ಮ. ಹೀಗೆ ಒತ್ತುವಾಗ ಒಂದೊಂದ್ಸಲ ಮುರೀತದೆ. ಬದುಕಿದ್ರೆ ಆಮೇಲೆ ಕೂಡ್ತದೆ."

"ಬದುಕಿದ್ರೆ?"

ವಿನಯಾ ಮುಖ ತಿರುಗಿಸಿ ಚೀಲ ಹಿಸುಕಿದಳು. ದುಗ್ಗಮ್ಮ ಗಂಡನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಐವತ್ತು ವರ್ಷ ತನ್ನನ್ನು ನೋಡಿದ ಕಣ್ಣು ಅದು. ಈಗ ಏನನ್ನೂ ನೋಡುತ್ತಿರಲಿಲ್ಲ.

ಪೂರ್ಣೇಶ್ ಬಾಗಿಲು ತೆರೆದಾಗ ಅವರು ಅಳುತ್ತಿರಲಿಲ್ಲ.

"ನನ್ನ ಗಂಡನ ಹೆಣ ಕುಟ್ಟಿಸ್ತಾ ಇದ್ದೀಯಲ್ಲೋ."

"ಮೆಲ್ಲಗೆ ಅಮ್ಮ. ಇನ್ನೊಂದು ಗಳಿಗೆ."

"ತೆಗ್ಸು. ಎಲುಬು ಮುರೀತಾ ಉಂಟು."

"ಅಪ್ಪಯ್ಯಂಗೆ ಈಗ ನೋವಾಗಲ್ಲ. ದೀಪುಗೆ ನೋವಾಗ್ತದೆ." ಅವನು ಒಳಗೆ ಬಗ್ಗಿ ತಾಯಿಯ ಮೊಣಕೈ ಹಿಡಿದ. "ನೀನು ಬಾ. ತಾಳಿ ತಟ್ಟೆ ಹಿರಿಯರ ಹತ್ರ ಬರೋ ಹೊತ್ತಾಯ್ತು. ಮನೇಲಿ ಹಿರೇ ಮುತ್ತೈದೆ ನೀನೇ. ನೀನು ಕಾಣದಿದ್ರೆ ಸಾಗರದವ್ರು ಕೇಳ್ತಾರೆ."

"ನಾನೀಗ ಮುತ್ತೈದೆ ಅಲ್ಲ ಪೂರ್ಣೇಶ."

"ಕಿರಣ ಹೇಳೋವರೆಗೂ ಹೌದು."

ದುಗ್ಗಮ್ಮ ಮಗನ ಮುಖವನ್ನೇ ನೋಡಿದರು. ಅವನು ಹಿಡಿದ ಮೊಣಕೈ ಬಿಡಲಿಲ್ಲ. ಸೊಸೆ ಬಂದು ಅತ್ತೆಯ ಹಣೆಯ ಕುಂಕುಮವನ್ನು ತಿದ್ದಿದಳು, ಬಾಡಿದ ಹೂ ತೆಗೆದು ಹೊಸ ಮಲ್ಲಿಗೆ ಮುಡಿಸಿದಳು. ಮುಡಿಸಿದ ಮೇಲೆ ಅತ್ತೆಯ ಮುಖಕ್ಕೆ ಪೌಡರ್ ಹಚ್ಚಿದಳು.

ವಿಧವೆಯ ಕೈ ಸೋಕಿದ ತಾಳಿ ಕಟ್ಟಿಕೊಂಡವಳಿಗೆ ಆಗಿಬರುವುದಿಲ್ಲ ಎಂದು ದುಗ್ಗಮ್ಮ ಹುಟ್ಟಿದಾಗಿನಿಂದ ನಂಬಿದವರು. ತನ್ನ ಅಕ್ಕನನ್ನೇ ಮದುವೆಗಳಲ್ಲಿ ಹಿಂದಿನ ಕೋಣೆಯಲ್ಲಿ ಕೂರಿಸಿದ್ದವರು. ತಟ್ಟೆ ತನ್ನ ಮುಂದೆ ಬಂದಾಗ ಅವರು ಕೈ ಹಿಂದಕ್ಕೆಳೆದುಕೊಂಡರು. ಬಾಯಿಬಿಟ್ಟರೆ ಮಗುವಿನ ಮದುವೆ ನಿಲ್ಲುತ್ತದೆ. ಬಿಡದಿದ್ದರೆ ತನ್ನ ಕೈಯಿಂದಲೇ ಕೇಡು ತಗಲುತ್ತದೆ. ಪೂರ್ಣೇಶ್ ಹಿಂದೆಯೇ ನಿಂತಿದ್ದ. ದುಗ್ಗಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬಟ್ಟೆಯ ತುದಿಯಿಂದ ಮಾತ್ರ ತಾಳಿಯನ್ನು ಮುಟ್ಟಿದರು.

ದೀಪಶ್ರೀ ಬಾಸಿಂಗದ ಕೆಳಗಿನಿಂದ ಕೇಳಿದಳು, "ಅಜ್ಜ ಹೆಂಗಿದ್ದಾರೆ?"

"ಮಲಗಿದ್ದಾರೆ ಮಗ."

ದೀಪಶ್ರೀ ಅಜ್ಜಿಯ ಬೆರಳಿಗೆ ಸುತ್ತಿದ್ದ ಸೆರಗನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು.

ದುಗ್ಗಮ್ಮ ಹಿಂದಕ್ಕೆ ಬಂದಾಗ ಆಂಬುಲೆನ್ಸಿನ ಚಾಲಕ ಫೋನಿನಲ್ಲಿ ಯಾರೊಂದಿಗೋ ಕೂಗಾಡುತ್ತಿದ್ದ. "ಗಾಡಿ ಇಲ್ಲ ಅಂದೆನಲ್ರೀ! ನಾನೆಂತ ಮಾಡ್ಲಿ?" ಎಂದು ಇಟ್ಟ.

"ಯಾರಿಗೆ ಎಂತ ಆಯ್ತು?" ದುಗ್ಗಮ್ಮ ಕೇಳಿದರು.

ಉತ್ತರಿಸಿದ್ದು ವಿನಯಾ. "ಹೊಸನಗರ ದಾರೀಲಿ ಒಂದು ಸಾಮಿಲ್ ಅಮ್ಮ. ಕೆಲಸದವರೊಬ್ಬರಿಗೆ ಕರೆಂಟ್ ಹೊಡೆದಿದೆ. ಜೊತೆಯವರು ಕೈಯಲ್ಲೇ ಎದೆ ಒತ್ತುತ್ತಾ ಇದ್ದಾರಂತೆ. ಇದು ಎರಡನೇ ಸಲ ಫೋನು. ಸರ್ಕಾರಿ ಗಾಡಿ ಬೇರೆ ಯಾರೋ ರೋಗಿನ ಕರ್ಕೊಂಡು ಶಿವಮೊಗ್ಗಕ್ಕೆ ಹೋಗಿದೆ. ಮೊದಲ ಸಲಾನೇ ನಿಮ್ಮ ಮಗನ ಹತ್ರ ಕೇಳಿದ್ವಿ."

"ಅವನೆಂತ ಅಂದ?"

"ಗಾಡಿ ಅಲ್ಲಾಡಬಾರ್ದು ಅಂದ್ರು."

"ನೀವು ಹೋದ್ರೆ ಆ ಮನುಷ್ಯ ಬದುಕ್ತಾನಾ?"

"ಆಗಲೇ ಹೋಗಿದ್ರೆ ಬದುಕ್ತಿದ್ರು. ಈಗ ಗೊತ್ತಿಲ್ಲ."

"ಇವ್ರು?"

ವಿನಯಾ ಚೀಲ ಹಿಸುಕುವುದನ್ನು ನಿಲ್ಲಿಸಿದಳು. "ಇವರು ಬಿದ್ದಲ್ಲೇ ಹೋಗಿದ್ರು ಅಮ್ಮ."

"ಹಂಗಾರೆ ತೆಗಿ ಅದನ್ನ."

"ಡಾಕ್ಟ್ರು ಹೇಳದೆ ನಾನು ತೆಗೆಯೋ ಹಾಗಿಲ್ಲ."

"ಯಾವ ಗುಂಡಿ ತೋರ್ಸು. ನಾನೇ ತೆಗೀತೀನಿ."

ವಿನಯಾ ತೋರಿಸಿದಳು. ದುಗ್ಗಮ್ಮ ಒತ್ತಿದರು. ರಬ್ಬರಿನ ಬಟ್ಟಲು ಮೇಲೆದ್ದು ನಿಂತಿತು. ಅದರ ಕೆಳಗೆ ಮುಕುಂದಯ್ಯನ ಎದೆ ತಟ್ಟೆಯಂತೆ ಗುಳಿಬಿದ್ದು ನೀಲಿಯಾಗಿತ್ತು. ದುಗ್ಗಮ್ಮ ತನ್ನ ಸೆರಗನ್ನು ಹರಡಿ ಅದನ್ನು ಮುಚ್ಚಿದರು.

ಇಬ್ಬರು ಅಡುಗೆಯವರು ಸೇರಿ ಹೆಣವನ್ನು ಹೊತ್ತು ಉಗ್ರಾಣಕ್ಕೆ ತಂದರು. ತೆಂಗಿನಕಾಯಿ, ಕುಂಬಳಕಾಯಿಯ ರಾಶಿಯನ್ನು ಪಕ್ಕಕ್ಕೆ ದೂಡಿ, ಬಾಳೆಎಲೆಯ ಕಟ್ಟುಗಳ ನಡುವೆ ಮಲಗಿಸಿದರು. ಆಂಬುಲೆನ್ಸ್ ಸೈರನ್ ಹಾಕಿಕೊಂಡು ಹೊರಟಾಗ ಒಳಗೆ ಗಟ್ಟಿಮೇಳ ಶುರುವಾಗಿತ್ತು, ಯಾರಿಗೂ ಕೇಳಿಸಲಿಲ್ಲ. ದುಗ್ಗಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಾಯಿಯ ಚಟ್ನಿಯನ್ನು ಆಗ ಒರೆಸಿದರು.

ಧಾರೆ ಮುಗಿದು ಊಟದ ಗದ್ದಲವಾಗುವಾಗ ಪೂರ್ಣೇಶ್ ಬಾಗಿಲು ಬಡಿದ. ಒಳಗೆ ಬಂದವನು ತಂದೆಯನ್ನು ನೋಡಿ ಒಂದು ಕ್ಷಣ ಗೋಡೆ ಹಿಡಿದುಕೊಂಡ. ಆಮೇಲೆ ತಾಯಿಯ ಕಡೆ ತಿರುಗಿದ.

"ನಿಂಗೆ ತಡ್ಕಳಕ್ಕೆ ಆಗ್ಲಿಲ್ವಾ? ಧಾರೆಗೆ ಮೊದಲೇ ನಿಲ್ಸಿದ್ಯಂತೆ. ಈಗ ಸತ್ತಿದ್ದು ಯಾವಾಗ ಅಂತಾಯ್ತು? ನಿನ್ನ ಕೈಯಲ್ಲೇ ಸತ್ರು ಅಪ್ಪಯ್ಯ. ನಿನ್ನ ಕೈಯಲ್ಲಿ!"

ಬಾಗಿಲಲ್ಲಿ ದೀಪಶ್ರೀ ಬಂದು ನಿಂತಿದ್ದಳು. ಕೊರಳಲ್ಲಿ ಹೊಸ ತಾಳಿ. ಒಳಗೆ ಕಾಲಿಡಲಿಲ್ಲ. ಮದುವೆಯಾದ ದಿನ ಹೆಣ ನೋಡಬಾರದೆಂದು ಮುಖವನ್ನು ಅರ್ಧ ತಿರುಗಿಸಿಯೇ ಇದ್ದಳು.

"ನಂಗೆ ಗೊತ್ತಾಗಿತ್ತು ಅಜ್ಜಿ," ಎಂದಳು. "ಅಪ್ಪ ಓಡಾಡಿದ್ದು ನೋಡಿಯೇ ಗೊತ್ತಾಗಿತ್ತು. ಇದೊಂದು ಬಾಗಿಲು ಹಾಕ್ಕಂಡಿರಿ. ನಮ್ಮ ದಿಬ್ಬಣ ಸಾಗರಕ್ಕೆ ಹೊರಟ ಮೇಲೆ ತೆಗೀರಿ. ಅಳೋದಿದ್ರೆ ಆಮೇಲೆ ಅಳಿ."

ಅವಳ ಕಣ್ಣಲ್ಲಿ ನೀರಿತ್ತು. ಆದರೆ ಮಾತು ತಡೆಯಲಿಲ್ಲ. ಹೇಳಿ ಹೊರಟುಹೋದಳು.

ಸಂಜೆ ದಿಬ್ಬಣ ಹೊರಡುವಾಗ ಉಗ್ರಾಣಕ್ಕೆ ಹೊರಗಿನಿಂದ ಚಿಲಕ ಹಾಕಿ, ಕುಂಕುಮ ಹೂವಿನ ಸಮೇತ ದುಗ್ಗಮ್ಮ ಗೇಟಿನ ಬಳಿ ನಿಂತು ಕೈ ಬೀಸಿದರು. ಬಸ್ಸು ತಿರುವು ದಾಟಿದ ಮೇಲೆ ಕಿರಣ್ ಸಾವನ್ನು ಘೋಷಿಸಿದ. ಆಗ ಹೆಂಗಸರು ಬಂದು ಹೂ ಕಿತ್ತರು.

ಸಾಮಿಲ್ಲಿನ ಮನುಷ್ಯ ಉಳಿಯಲಿಲ್ಲ. ಜಟ್ಟಿಂಗಪ್ಪ ಎಂದು ಹೆಸರು. ಆಂಬುಲೆನ್ಸ್ ಮುಟ್ಟುವ ಹೊತ್ತಿಗೆ ಜೊತೆಯವರು ಕೈಸೋತು ಒತ್ತುವುದನ್ನು ನಿಲ್ಲಿಸಿದ್ದರು. ಡಾಕ್ಟರ ಮಾತಿಲ್ಲದೆ ಯಂತ್ರ ನಿಲ್ಲಲು ಬಿಟ್ಟಳೆಂದು ಕಿರಣ್ ವಿನಯಾಳನ್ನು ಕೆಲಸದಿಂದ ತೆಗೆದ. ಹದಿಮೂರನೆಯ ದಿನ ಊಟಕ್ಕೆ ಬಂದವರಿಗೆ ಪೂರ್ಣೇಶ್ ಬಡಿಸುತ್ತಾ ಹೇಳಿದ: "ಅಪ್ಪಯ್ಯ ಪುಣ್ಯವಂತರು. ಆ ಮಿಷನ್ ಇತ್ತು, ಮೊಮ್ಮಗಳ ಧಾರೆ ಮುಗಿಯೋವರೆಗೆ ಜೀವ ಹಿಡ್ಕಂಡಿದ್ರು." ಜನ ಹೌದೆಂದು ತಲೆಯಾಡಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮರುವಾರ ದುಗ್ಗಮ್ಮ ಯಾರಿಗೂ ಹೇಳದೆ ಹೊಸನಗರದ ಬಸ್ಸು ಹತ್ತಿದರು. ಸಾಮಿಲ್ಲಿನಲ್ಲಿ ಕೇಳಿ, ಜಟ್ಟಿಂಗಪ್ಪನ ಮನೆ ಹುಡುಕಿಕೊಂಡು ಹೋದರು. ಅವನ ಹೆಂಡತಿ ಪುಷ್ಪಮ್ಮ ಜಗುಲಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಇವರ ಬೋಳು ಹಣೆ ನೋಡಿ, "ನಿಮ್ಮನೇಲೂ ಆಯ್ತಾ ಅವ್ವಾ?" ಎಂದಳು. ಸಾಮಿಲ್ ಸಾಹುಕಾರರ ಕಡೆಯವರೆಂದುಕೊಂಡು ಕೂರಿಸಿ, ಕಾಫಿ ಕಾಸಿ ತಂದಳು. ತಾನಾಗಿಯೇ ಹೇಳತೊಡಗಿದಳು.

"ಗಾಡಿಗೆ ಫೋನ್ ಮಾಡಿದ್ರಂತೆ. ಅದು ಯಾವ್ದೋ ಮದ್ವೇಲಿ ಒಬ್ರು ಅಜ್ಜನ್ನ ಉಳ್ಸಕ್ಕೆ ನಿಂತಿತ್ತಂತೆ. ಏನ್ ಮಾಡಾದು, ಅವ್ರದ್ದೂ ಜೀವಾನೇ ಅಲ್ವಾ." ನಿಟ್ಟುಸಿರು ಬಿಟ್ಟು ಕೇಳಿದಳು, "ಆ ಅಜ್ಜ ಉಳ್ಕಂಡ್ರಾ, ನಿಮ್ಗೇನಾರ ಗೊತ್ತಾ?"

ದುಗ್ಗಮ್ಮ ಲೋಟವನ್ನು ಮಡಿಲಿಗೆ ಇಳಿಸಿದರು.

"ಆ ಅಜ್ಜ ನನ್ನ ಗಂಡ," ಎಂದರು. "ಗಾಡಿ ಬರೋ ಮೊದ್ಲೇ ಸತ್ತಿದ್ರು. ಮದುವೆ ಮುಗೀಲಿ ಅಂತ ಮಿಷನ್ ಓಡಿಸ್ತಾ ಇದ್ರು. ನಂಗೆ ಗೊತ್ತಾದ ಮೇಲೂ ನಾನು ಸ್ವಲ್ಪ ಹೊತ್ತು ಸುಮ್ನಿದ್ದೆ."

ಪುಷ್ಪಮ್ಮನಿಗೆ ಅರ್ಥವಾಗಲು ಸಮಯ ಹಿಡಿಯಿತು. ಅರ್ಥವಾದ ಮೇಲೆ ಎದ್ದು ಬಂದು ಅವರ ಕೈಯಿಂದ ಲೋಟ ತೆಗೆದುಕೊಂಡಳು. ಉಳಿದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿದಳು.

"ಇದ್ನ ಹೇಳಕ್ಕೆ ಇಲ್ಲೀತಂಕ ಬಂದ್ರಾ?"

ದುಗ್ಗಮ್ಮ ಕೈ ಮುಗಿದರು.

"ಕೈ ಮುಗೀಬ್ಯಾಡಿ. ಹಣೇಲಿ ಬರ್ದಿತ್ತು, ಹೋದ ಅಂದ್ಕಂಡು ರಾತ್ರಿ ಒಂದೀಟು ನಿದ್ದೆ ಮಾಡ್ತಿದ್ದೆ. ನಿಮ್ಮೆದೆ ಹಗೂರ ಮಾಡ್ಕಳ್ಳಕ್ಕೆ ಅದ್ನೂ ಕಿತ್ಕಂಡ್ರಲ್ಲ. ಏಳಿ. ಎದ್ದು ಹೋಗಿ."

ದುಗ್ಗಮ್ಮ ಕಂಬ ಹಿಡಿದು ಎದ್ದರು. ಮೆಟ್ಟಿಲಿಳಿಯುವಾಗ ಕಾಲು ತಡವರಿಸಿತು. ಪುಷ್ಪಮ್ಮ ನೋಡಿದಳು, ಹಿಡಿಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲ ಹಿಂದಿನಿಂದ ಅವಳ ಅಳು ಶುರುವಾಯಿತು. ಅದು ಗಂಡ ಸತ್ತ ದಿನದ ಅಳುವಿನಂತೆ ಜೋರಾಗಿತ್ತು. ಅಕ್ಕಪಕ್ಕದವರು ಏನಾಯಿತೆಂದು ಹೊರಬಂದರು. ದುಗ್ಗಮ್ಮ ಅವರ ಮುಂದೆಯೇ ತಲೆತಗ್ಗಿಸಿ ನಡೆದು ರಸ್ತೆ ಸೇರಿದರು.