ನಮ್ಮೂರಲ್ಲಿ ಉಣ್ಣೆ ಇಲ್ಲ

“ಉಣ್ಣೆನಾ? ನಮ್ಮೂರ ಹಸುಗೊಳಿಗೆ ಉಣ್ಣೇನೇ ಇಲ್ಲ ಸಾರ್. ಅನುಮಾನ ಇದ್ರೆ ಬಾಲ ಎತ್ತಿ ನೋಡ್ಕೊಳ್ಳಿ,” ಎಂದಳು ದೊಡ್ಡಮುನಿಯಮ್ಮ.

ಅವಳ ಮಗ ಸುರೇಶ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅದಕ್ಕೂ ಮುಂಚೆ ಪಕ್ಕದ ಮನೆಯ ಶ್ರೀರಾಮಪ್ಪ, ಆಮೇಲೆ ಶ್ರೀರಾಮಪ್ಪನ ತಮ್ಮ. ಮೂವರಿಗೂ ಮೊದಲು ಜ್ವರ, ಕೊನೆಗೆ ರಕ್ತವಾಂತಿ. ನಾವೆಲ್ಲ ಡೆಂಗ್ಯೂ ಅಂದುಕೊಂಡಿದ್ದೆವು. ಸುರೇಶನ ರಕ್ತದ ರಿಪೋರ್ಟು ಬಂದ ಮೇಲೆ ಹಿಂದಿನ ದಿನ ಕೋಲಾರದಿಂದ ಆರೋಗ್ಯ ಇಲಾಖೆಯ ಮೂರ್ತಿಯವರು ಬಂದು, ಇದು ದನದ ರಕ್ತ ಹೀರುವ ಉಣ್ಣೆಯಿಂದ ಬರುವ ಕಾಂಗೋ ಜ್ವರ, ಉಣ್ಣೆಯ ರಕ್ತವೋ ರೋಗಿಯ ರಕ್ತವೋ ಕೈಗೆ ತಗುಲಿದರೂ ಅಂಟುತ್ತೆ ಎಂದರು. ಮಾರನೆಯ ಬೆಳಗಿನಿಂದ ಫಾರಂ ಹಿಡಿದು, ನನ್ನನ್ನೂ ಜೊತೆಗೆ ಕರೆದುಕೊಂಡು ಮನೆಮನೆಗೂ ಹೋಗಿ ಕೇಳುತ್ತಿದ್ದರು. ಎಲ್ಲ ಮನೆಯಲ್ಲೂ ಒಂದೇ ಉತ್ತರ.

ಆ ಉತ್ತರ ಹೇಳಿಕೊಟ್ಟವನು ನಾನು, ಊರಿನ ಹಾಲಿನ ಡೇರಿಯ ಸೆಕ್ರೆಟರಿ ಮುನಿಕೃಷ್ಣ. ಉಣ್ಣೆ ಅಂದರೆ ನಮ್ಮೂರ ಹಾಲು ಯಾರೂ ಮುಟ್ಟಲ್ಲ, ಬಾಯಿ ಬಿಡಬೇಡಿ ಅಂತ ಹಿಂದಿನ ಸಂಜೆ ಹಾಲು ಅಳೆಯುವಾಗ ಒಬ್ಬೊಬ್ಬರಿಗೂ ಹೇಳಿದ್ದೆ.

“ಕೈಯಲ್ಲಿ ಕಿತ್ತು ಸಾಯಿಸೋ ಅಭ್ಯಾಸ ಇದೆಯೇನಮ್ಮ?” ಎಂದರು ಮೂರ್ತಿ.

“ಥೂ! ಆ ಗಲೀಜು ಕೆಲ್ಸ ಯಾರ್ ಮಾಡ್ತಾರೆ ನಾಯ್ನಾ?” ಅಂದು, ಸರಿ ಹೇಳಿದೆನಾ ಎಂಬಂತೆ ನನ್ನ ಕಡೆ ನೋಡಿದಳು.

ಮಾಡದವರು ಯಾರು? ಹಾಲು ಕರೆದ ಮೇಲೆ ಕೆಚ್ಚಲು, ಕಿವಿ ತಡವಿ ಉಣ್ಣೆ ಕಿತ್ತು, ಎರಡು ಹೆಬ್ಬೆರಳ ಉಗುರಿನ ಮಧ್ಯೆ ಚಟ್ ಅನ್ನಿಸುವುದು ನಮ್ಮ ದಿನದ ಕೆಲಸ. ನೆಲಕ್ಕೆ ಬಿಟ್ಟರೆ ಮತ್ತೆ ಹತ್ತುತ್ತೆ, ಒಲೆಗೆ ಹಾಕಿದರೆ ಹಸುವಿನ ರಕ್ತ ಸುಟ್ಟ ಪಾಪ ಅಂತ ಊರಿಗೆಲ್ಲ ಪಾಠ ಹೇಳಿದವಳೇ ದೊಡ್ಡಮುನಿಯಮ್ಮ. ಸುರೇಶ, ಶ್ರೀರಾಮಪ್ಪ ಜಗಲಿಯಲ್ಲಿ ಕೂತು, ಯಾರ ಉಗುರು ಜಾಸ್ತಿ ಕೆಂಪು ಅಂತ ಪಂದ್ಯ ಕಟ್ಟುತ್ತಿದ್ದರು.

ಒಳಗೆ ಯಾರೋ ನರಳಿದರು.

“ಯಾರದು?”

“ಸೊಸೆ ಸಾರ್, ಮೇಘನ. ಅತ್ತೂ ಅತ್ತೂ ತಲೆನೋವು.”

ಗಂಡ ಸುರೇಶನ ರಕ್ತವಾಂತಿ ಬಳಿದು ಹಾಸಿಗೆ ಒಗೆದವಳು ಅವಳು. ನಿನ್ನೆಯಿಂದ ಮೈ ಕೆಂಡ ಕಣೋ ಅಂತ ಬೆಳಗ್ಗೆ ಡೇರಿಯಲ್ಲಿ ಮುದುಕಿ ನನಗೆ ಹೇಳಿದ್ದಳು. ಇವರು ಹೋಗಲಿ, ಆಮೇಲೆ ನೋಡೋಣ ಅಂದಿದ್ದೆ.

ಮೂರ್ತಿ ಫಾರಂ ಮಡಚತೊಡಗಿದರು.

“ಸುಳ್ಳು ಸಾರ್,” ಎಂದೆ. “ಎಲ್ಲಾರೂ ಉಗುರಲ್ಲೇ ಕುಕ್ಕೋದು. ನಾನೂನು. ಆ ಹುಡುಗಿಗೆ ನಿನ್ನೆಯಿಂದ ಜ್ವರ.”

“ಲೇ, ನೀನೇ ಅಲ್ಲೇನೋ ಹೇಳ್ಕೊಟ್ಟಿದ್ದು!”

“ನಾನೇ ದೊಡ್ಡಮ್ಮ.”

ಮೂರ್ತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿ, ಗ್ಲೌಸು ಮಾಸ್ಕು ಹಾಕಿಕೊಂಡು ಒಳಗೆ ಹೋದರು. ಮುಕ್ಕಾಲು ಗಂಟೆಗೆ ಗಾಡಿ ಬಂತು. ಮೇಘನ ತಾನೇ ನಡೆದು ಹತ್ತಿದಳು, ಯಾರ ಮುಖವನ್ನೂ ನೋಡಲಿಲ್ಲ.

ದೊಡ್ಡಮುನಿಯಮ್ಮ ತನ್ನ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದಳು. “ನನ್ ಮಾತು ಕೇಳೇ ನನ್ ಮಗ ಹೋದ್ನಾ ಸಾರ್?”

“ಅದೆಲ್ಲ ಈಗ ಬೇಡ ಅಮ್ಮ. ನೀವು ಹೊಸ್ಲು ದಾಟ್ಬೇಡಿ. ಮೈ ಬಿಸಿ ಆದ್ರೆ ಆ ಕ್ಷಣ ಹೇಳಿ.”

“ಇವಳನ್ನಾದ್ರೂ ವಾಪಸ್ ಕಳಿಸ್ತೀರಾ?”

“ನಿನ್ನೇನೇ ಹೇಳಿದ್ರೆ ಧೈರ್ಯವಾಗಿ ಹೂಂ ಅಂತಿದ್ದೆ.”

ಗಾಡಿ ಹೋಯಿತು. ಕೊಟ್ಟಿಗೆಯಲ್ಲಿ ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು. ಕರೆದು ಚೆಲ್ಲಲೆಂದು, ಮೂರ್ತಿ ಕೊಟ್ಟ ಗ್ಲೌಸು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತೆ. ಹಸು ಕತ್ತು ತಿರುಗಿಸಿ ನನ್ನ ಕೈ ಮೂಸಿತು. ಹಾಲು ಇಳಿಸಲಿಲ್ಲ.