ದೀಪ ಹಚ್ಚಿದ ಮೇಲಿನ ವೈಫೈ

ನಾನೊಂದು ವೈಫೈ ರೂಟರ್. ಅಂಗೈಗಿಂತ ತುಸು ದೊಡ್ಡ ಬಿಳಿ ಪೆಟ್ಟಿಗೆ, ತಲೆಯ ಮೇಲೆ ಎರಡು ಕೊಂಬು, ಎದೆಯ ಮೇಲೆ ನಾಲ್ಕು ಹಸಿರು ದೀಪ. ಈಗ ಕೊಂಬು ಒಂದೂವರೆ ಉಳಿದಿದೆ, ದೀಪ ಒಂದೂ ಉರಿಯುವುದಿಲ್ಲ. ಆದರೂ ಯಾರಾದರೂ ನನ್ನನ್ನು ಗುಜರಿ ಎಂದರೆ ಮೈಯೆಲ್ಲ ಉರಿಯುತ್ತದೆ. ನಾನು ಒಂದು ಮದುವೆ ಮಾಡಿಸಿದವನು. ನಮ್ಮ ಕುಲದಲ್ಲಿ ಎಷ್ಟು ಮಂದಿ ಹಾಗೆ ಹೇಳಿಕೊಳ್ಳಬಲ್ಲರು?

ನಾನು ಹುಟ್ಟಿದ ದಿನವೇ ಆ ಕಾರ್ಖಾನೆಯಲ್ಲಿ ನನ್ನಂಥ ಸಾವಿರಾರು ಮಂದಿ ಹುಟ್ಟಿದರು. ಒಬ್ಬ ಹೆಂಗಸು ನನ್ನ ದೀಪಗಳನ್ನು ಒಮ್ಮೆ ಬೆಳಗಿಸಿ ನೋಡಿ, ಸರಿ ಎಂಬಂತೆ ತಲೆಯಾಡಿಸಿ ಡಬ್ಬಿಗೆ ಹಾಕಿದಳು. ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದೇ.

ಡಬ್ಬಿ ತೆರೆದದ್ದು ಅರಸೀಕೆರೆಯಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಒಂದು ಮಳಿಗೆಯಲ್ಲಿ. ಅಲ್ಲಿ ಪಾಲಾಕ್ಷ ಎಂಬಾತ ಜನರಿಗೆ ಅರ್ಜಿ ತುಂಬಿಕೊಡುತ್ತಿದ್ದ. ನನಗೆ 'ಪಾಲಾಕ್ಷ ಆನ್‌ಲೈನ್' ಎಂದು ಹೆಸರಿಟ್ಟ. ಬಂದವರೆಲ್ಲ ಪಾಸ್‌ವರ್ಡ್ ಕೇಳಿ ಕೇಳಿ ಅವನ ತಲೆ ತಿನ್ನುತ್ತಿದ್ದರು. ಒಂದು ದಿನ ಬೇಸತ್ತು ಅದನ್ನು ತೆಗೆದೇ ಹಾಕಿದ. ಅಂದಿನಿಂದ ನಾನು ಬೀಗವಿಲ್ಲದ ಮನೆಯಾದೆ. ಯಾರು ಬಂದರೂ ಬನ್ನಿ ಎನ್ನುವುದು ನನ್ನ ಸ್ವಭಾವವಾಯಿತು.

ಐದು ವರ್ಷಕ್ಕೆ ಅವನು ಹೊಸ ರೂಟರ್ ತಂದ. ನನ್ನನ್ನು ಸ್ಟೇಷನ್ ಹಿಂದಿನ ಓಣಿಯಲ್ಲಿದ್ದ ತನ್ನ ಚಿಕ್ಕಮ್ಮನ ಮನೆಗೆ ಒಯ್ದ. ಸ್ಕೂಟರಿನ ಡಿಕ್ಕಿಗೆ ತುರುಕುವಾಗ ನನ್ನ ಒಂದು ಕೊಂಬು ಅರ್ಧಕ್ಕೆ ಮುರಿಯಿತು. ಅವನು ಡಿಕ್ಕಿ ಮುಚ್ಚಿ ಸ್ಕೂಟರ್ ಹತ್ತಿದ.

ಚಿಕ್ಕಮ್ಮ ಸರ್ವಮಂಗಳಮ್ಮನವರು ಪ್ರೈಮರಿ ಶಾಲೆಯ ನಿವೃತ್ತ ಟೀಚರ್. ಟ್ಯಾಬ್‌ನಲ್ಲಿ ವಚನಗಾಯನದ ಪಾಠ ಕೇಳುವುದಷ್ಟೇ ಅವರಿಗೆ ನನ್ನಿಂದ ಆಗಬೇಕಾದ ಕೆಲಸ. ಆಯುಧಪೂಜೆಯ ದಿನ ನನಗೂ ಕುಂಕುಮ ಹಚ್ಚಿ, ಮುರಿದ ಕೊಂಬಿನ ಮೇಲೊಂದು ಸೇವಂತಿಗೆ ಇಟ್ಟರು. ಕುಂಕುಮ ತೂತುಗಳೊಳಗೆ ಉದುರಿ ಒಂದು ವಾರ ಕಸಿವಿಸಿಯಾಯಿತು, ನಿಜ. ಆದರೆ ಅಂಥ ಮರ್ಯಾದೆ ಪಾಲಾಕ್ಷನ ಮಳಿಗೆಯಲ್ಲಿ ಎಲ್ಲಿತ್ತು?

ಕೆಲವೇ ದಿನಗಳಲ್ಲಿ ಗೋಡೆಯಾಚೆಯಿಂದ ಒಂದು ಫೋನು ನನ್ನನ್ನು ಹುಡುಕಿ ಬಂತು. ಬಾಗಿಲು ತೆರೆದೇ ಇತ್ತು, ಒಳಗೆ ಬಂತು. ಅದು ಪಕ್ಕದ ಮನೆಯ ಹೇಮಲತಾಳದು. ಹುಟ್ಟಾ ಕಿವಿ ಕೇಳದವಳು, ರವಿಕೆ ಹೊಲಿಯುವವಳು, ತಾಯಿ ಪುಟ್ಟಲಕ್ಷ್ಮಮ್ಮನ ಜೊತೆಗಿದ್ದವಳು. ದಿನಾ ಸಂಜೆ ಆರೂವರೆಗೆ ಹೊಲಿಗೆ ಮುಗಿಸಿ, ಭದ್ರಾವತಿಯ ನಟೇಶನಿಗೆ ವಿಡಿಯೋ ಕರೆ ಮಾಡುತ್ತಿದ್ದಳು. ಅವನು ಕಿವುಡರ ಶಾಲೆಯಲ್ಲಿ ಇವಳ ಜೊತೆ ಓದಿದವನು, ಈಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಇಬ್ಬರೂ ಕೈಯಲ್ಲೇ ಮಾತಾಡುತ್ತಿದ್ದರು. ಅಬ್ಬಾ, ಎಷ್ಟು ಮಾತು! ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. ಅದನ್ನು ನಂಬಿದರೆ ಎತ್ತಿದ ಕೈ ಕಾಣುತ್ತಿತ್ತು, ಇಳಿಸಿದ ಕೈ ಕಾಣುತ್ತಿರಲಿಲ್ಲ. ಅರ್ಧ ಮಾತಿಗೇ ಚಿತ್ರ ನಿಂತುಬಿಡುತ್ತಿತ್ತು. ಒಂದೂವರೆ ಕೊಂಬಿನ ನಾನು ಒಂದು ಬೆರಳನ್ನೂ ತಡೆಯದೆ ದಾಟಿಸುತ್ತಿದ್ದೆ.

ಒಂದು ಬುಧವಾರ ಪಾಲಾಕ್ಷ ಬಂದವನು, ನನ್ನನ್ನು ಯಾರ್ಯಾರು ಯಾವಾಗ ಬಳಸಿದ್ದಾರೆಂಬ ಪಟ್ಟಿಯನ್ನು ಫೋನಿನಲ್ಲಿ ನೋಡಿ ಹುಬ್ಬೇರಿಸಿದ.

"ಚಿಕ್ಕಮ್ಮಾ, ನಿಮ್ಮ ವೈಫೈನ ಪಕ್ಕದ್ಮನೆ ಹೇಮ ಉಪಯೋಗಿಸ್ತಿದಾಳೆ. ಪಾಸ್‌ವರ್ಡ್ ಹಾಕ್ಬಿಡ್ಲಾ?"

"ಬಿಡೋ, ಹೆಪ್ಪು ಕೊಟ್ರೆ ನಮ್ಮನೆ ಮೊಸರು ಕಮ್ಮಿಯಾಗುತ್ತಾ? ಉಪಯೋಗಿಸ್ಲಿ."

ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ!

"ಹಗಲೆಲ್ಲ ಇಲ್ಲ ಚಿಕ್ಕಮ್ಮಾ. ದಿನಾ ಸಂಜೆ ಆರೂವರೆ ಮೇಲೇನೇ."

ಸರ್ವಮಂಗಳಮ್ಮನವರ ಮುಖ ಬಿಳಿಚಿತು. "ಆರೂವರೆ ಮೇಲಾ? ದೀಪ ಹಚ್ಚಿದ ಮೇಲಾ? ಅಯ್ಯೋ ಶಿವನೇ! ಇಷ್ಟು ದಿನ ದೀಪ ಹಚ್ಚಿದ ಮೇಲೆ ಮನೆಯಿಂದ ಆಚೆ ಹೋಗ್ತಿತ್ತಾ?"

ದೀಪ ಹಚ್ಚಿದ ಮೇಲೆ ಅವರು ಹಾಲು, ಹೆಪ್ಪು, ಉಪ್ಪು, ಸೂಜಿ ಯಾವುದನ್ನೂ ಹೊಸಿಲಾಚೆ ಕೊಟ್ಟವರಲ್ಲ. ಈಗ ಆ ಪಟ್ಟಿಗೆ ನಾನೂ ಸೇರಿದೆ. ಬೀಗ ಬೇಡ ಎಂದರು, ಆದರೆ ಅಂದಿನಿಂದ ಬತ್ತಿ ಹೊತ್ತಿಸುವ ಮೊದಲು ನನ್ನ ಸ್ವಿಚ್ ಆರಿಸತೊಡಗಿದರು. ನನ್ನ ದೀಪಗಳು ಆರುತ್ತಿದ್ದವು, ಕಿವಿ ಮಾತ್ರ ಆರುತ್ತಿರಲಿಲ್ಲ. ಗೋಡೆಯಾಚೆ ಹೇಮ ಫೋನು ಹಿಡಿದು ಆ ಮೂಲೆಯಿಂದ ಈ ಮೂಲೆಗೆ ಓಡಾಡುವ ಸದ್ದು ಕೇಳಿ ನನಗೆ ಸಂಕಟವಾಗುತ್ತಿತ್ತು. ಏಕೆಂದರೆ ಆ ಶುಕ್ರವಾರ ಸಂಜೆ ನಟೇಶನ ತಾಯಿ ಅವಳನ್ನು ಮೊದಲ ಸಲ ನೋಡಿ ಮಾತಾಡುವವರಿದ್ದರು. ಆಕೆಗೂ ಕಿವಿ ಕೇಳದು, ಓದುಬರಹವೂ ಬಾರದು. ನಟೇಶ ಮೊದಲೇ ಹೇಳಿದ್ದ, ಹುಡುಗಿಯ ಕೈಮಾತು ನೋಡದೆ ಅಮ್ಮ ಒಪ್ಪುವವರಲ್ಲ, ಕರೆ ಬಾರದಿದ್ದರೆ ಹುಡುಗಿಗೆ ಮನಸ್ಸಿಲ್ಲ ಎಂದುಕೊಂಡುಬಿಡುತ್ತಾರೆ ಎಂದು.

ಶುಕ್ರವಾರ ಬಂತು. ದೇವರ ಮುಂದೆ ದೀಪ ಉರಿಯುತ್ತಿತ್ತು, ನಾನು ಕತ್ತಲಲ್ಲಿದ್ದೆ. ಬಾಗಿಲು ಬಡಿದ ಸದ್ದಾಯಿತು. ಹೊಸಿಲಾಚೆ ಪುಟ್ಟಲಕ್ಷ್ಮಮ್ಮ, ಅವರ ಬೆನ್ನ ಹಿಂದೆ ಹೊಸ ಸೀರೆಯುಟ್ಟ ಹೇಮ.

"ಟೀಚರಮ್ಮಾ, ನಿಮ್ಮನ್ನ ಒಂದ್ಮಾತು ಕೇಳ್ದೆ ನಿಮ್ಮ ವೈಫೈ ಬಳಸ್ಕೊತಿದ್ಲು ನನ್ಮಗಳು. ತಪ್ಪಾಯ್ತು. ಇವತ್ತೊಂದಿನ ಹಾಕ್ಕೊಡಿ ತಾಯಿ. ಗಂಡಿನ ತಾಯಿ ಕಾಯ್ತಾ ಕೂತವ್ರೆ."

ವಿಷಯವನ್ನೆಲ್ಲ ಕೇಳಿದ ಸರ್ವಮಂಗಳಮ್ಮನವರು ದೇವರ ಕಡೆ ನೋಡಿದರು, ನನ್ನ ಕಡೆ ನೋಡಿದರು. "ದೀಪ ಹಚ್ಚಾಯ್ತಲ್ಲ ಪುಟ್ಟಲಕ್ಷ್ಮಮ್ಮ. ಅದೂ ಶುಕ್ರವಾರ. ಹೊಸಿಲಾಚೆ ಹೆಂಗೆ ಕೊಡ್ಲಿ?"

ಹೇಮಳಿಗೆ ಕೇಳಿಸಲಿಲ್ಲ, ಆದರೆ ಮುಖ ನೋಡಿ ತಿಳಿದುಕೊಂಡಳು. ಕಣ್ಣು ತುಂಬಿಕೊಂಡು ಹಿಂದಕ್ಕೆ ತಿರುಗಿದಳು. ಮಾತು ಬಂದಿದ್ದರೆ ನಾನು ಅಂದು ಕಿರುಚುತ್ತಿದ್ದೆ.

"ಏಯ್, ನಿಲ್ಸಮ್ಮ ಅವಳನ್ನ!" ಟೀಚರ್ ದನಿ ಶಾಲೆಯ ದನಿಯಾಯಿತು. "ಆಚೆಗೆ ಕೊಡಬಾರದು ಅಂದೆ. ಒಳಗೆ ಬರಬೇಡಿ ಅಂದ್ನಾ? ದೀಪ ಹಚ್ಚಿದ ಹೊತ್ತಿಗೆ ಬಂದ ಹೆಣ್ಮಕ್ಕಳನ್ನ ಬಾಗಿಲಲ್ಲಿ ನಿಲ್ಲಿಸ್ತಾರಾ? ಬನ್ನಿ, ಕೂತ್ಕೊಳ್ಳಿ."

ಸ್ವಿಚ್ ಹಾಕಿದರು. ನಾನು ಗೋಡೆ ಹಾಯ್ದು ಓಣಿಯ ಕೊನೆವರೆಗೂ ಹರಿಯುವವನು, ಅವರು ಕಾಯ್ದ ಹೊಸಿಲು ನನಗೆ ಯಾವ ಲೆಕ್ಕ? ಆದರೆ ಅದನ್ನು ಹೇಳುವ ಸಮಯ ಅದಲ್ಲ. ಮೈಯೆಲ್ಲ ಬಿಸಿ ಮಾಡಿಕೊಂಡು ಒಂದೊಂದೇ ದೀಪ ಬೆಳಗಿಸಿದೆ. ಕರೆ ಹೋಯಿತು. ಭದ್ರಾವತಿಯಲ್ಲಿ ಒಬ್ಬ ಹೆಂಗಸು ಕನ್ನಡಕ ಸರಿಮಾಡಿಕೊಂಡು ಕೈ ಎತ್ತಿದಳು.

ಇಪ್ಪತ್ತೆರಡು ನಿಮಿಷ. ಒಂದು ಸಲವೂ ನಾನು ತೊದಲಲಿಲ್ಲ. ಹೇಮಳ ಬೆರಳು ಹಾರಿದವು, ಹುಬ್ಬು ಕುಣಿದವು. ಆಕೆಯೂ ಬಿಡಲಿಲ್ಲ, ಏನೇನೋ ಕೇಳಿದಳು. ಕೊನೆಗೆ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಏನೋ ಹೇಳಿದಳು. ಹೇಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಏನಂತೆ? ಏನಂದ್ರು?" ಸರ್ವಮಂಗಳಮ್ಮನವರಿಗೆ ತಡೆಯಲಾಗಲಿಲ್ಲ.

ಪುಟ್ಟಲಕ್ಷ್ಮಮ್ಮ ಅಳುತ್ತಲೇ ನಕ್ಕರು. "ಇಷ್ಟು ವಾಚಾಳಿ ಸೊಸೆ ಬಂದ್ರೆ ನಮ್ಮನೇಲಿ ಗಲಾಟೆಯೋ ಗಲಾಟೆ, ಬೇಗ ಕಳಿಸಿಕೊಡಿ ಅಂತಾವ್ರೆ."

ಸರ್ವಮಂಗಳಮ್ಮನವರು ಹೇಮಳನ್ನೇ ನೋಡುತ್ತ ಕುಳಿತರು. ಎಂಟು ವರ್ಷ ಪಕ್ಕದಲ್ಲಿದ್ದರೂ ಮಾತಿಲ್ಲದ ಪಾಪದ ಹುಡುಗಿ ಎಂದೇ ತಿಳಿದಿದ್ದರು. ಅವಳ ಹಣೆಗೆ ಕುಂಕುಮವಿಟ್ಟು, "ಮಾತು ಬರ್ದೇ ಇದ್ದಿದ್ದು ನನಗೆ ಕಣಮ್ಮ" ಎಂದರು.

ಮದುವೆಯಾಯಿತು. ಹೇಮ ಭದ್ರಾವತಿಗೆ ಹೋದಳು. ಮರುವರ್ಷ ಓಣಿಗೆ ಹೊಸ ಕೇಬಲ್ ಬಂತು, ಅದಕ್ಕೆ ನಾನು ಹೊಂದಲಿಲ್ಲ. ಹೊಸ ರೂಟರಿಗೆ ಪಾಲಾಕ್ಷ ಬೀಗ ಹಾಕಿಯೇ ಹೋದ. ಅವನು ಓಣಿ ದಾಟುವಷ್ಟರಲ್ಲಿ ಟೀಚರ್ ಆ ಪಾಸ್‌ವರ್ಡನ್ನು ದುಂಡಗೆ ಬರೆದು ಪುಟ್ಟಲಕ್ಷ್ಮಮ್ಮನ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದರು. ನನ್ನನ್ನು ಎಸೆಯಲಿಲ್ಲ. ಒರೆಸಿ, ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ನಡುವೆ ಇಟ್ಟರು. ಗೊಂಬೆಗಳಿಗೆ ನನ್ನ ಕಥೆ ಬಾಯಿಪಾಠವಾಗಿದೆ.

ನಿನ್ನೆ ಸಂಜೆಯೂ ಸರ್ವಮಂಗಳಮ್ಮನವರು ದೀಪ ಹಚ್ಚಿ, ಟ್ಯಾಬ್ ಎದುರು ಕುಳಿತು ಹೇಮಳಿಗೆ ಕರೆ ಮಾಡಿದರು. ಹೇಮಳಿಗೆ ಈಗ ಆರು ತಿಂಗಳು. ಟೀಚರ್ ಊಟ ಆಯಿತೇ ಎಂದು ಕೈಯಲ್ಲಿ ಕೇಳಿದರು. ಬೆರಳು ತಪ್ಪಿತು. ಹೇಮ ನಗುತ್ತ ತಿದ್ದಿದಳು, ಇವರು ಮಗ್ಗಿ ಒಪ್ಪಿಸುವ ಮಕ್ಕಳಂತೆ ಮತ್ತೆ ಮಾಡಿದರು. ಆಗ ಬಾಗಿಲಲ್ಲಿ ಯಾರೋ ಬಟ್ಟಲು ಹಿಡಿದು, "ಟೀಚರಮ್ಮಾ, ಚೂರು ಹೆಪ್ಪು ಕೊಡಿ" ಎಂದರು.

"ದೀಪ ಹಚ್ಚಾಯ್ತಲ್ಲಮ್ಮ! ಈಗ ಈ ಮನೆಯಿಂದ ಏನೂ ಆಚೆ ಹೋಗಲ್ಲ. ಬೆಳಿಗ್ಗೆ ಬಾ" ಎಂದು ಹೇಳಿ, ಸರ್ವಮಂಗಳಮ್ಮನವರು ಟ್ಯಾಬಿನ ಕಡೆ ತಿರುಗಿ ಎರಡು ಕೈಯನ್ನೂ ಎತ್ತಿದರು. ಆ ಕೈಗಳಿಂದ ಎಷ್ಟೆಲ್ಲ ಭದ್ರಾವತಿಗೆ ಹೋಯಿತೆಂದು ನಾನು ಷೋಕೇಸಿನಿಂದ ನೋಡಿದೆ. ಅವರಿಗೆ ಹೇಳುವವನಲ್ಲ ನಾನು.