ತಣ್ಣನೆಯ ಎಂಜಿನ್ನಿಗೆ ಗಾಳಿ

ಬೆಳಗಿನ ಚಹಾ ಆರುವುದರೊಳಗೆ ಅವನು ಕಾರಿನ ಇಡೀ ಎಂಜಿನ್ನನ್ನು ಬರಿಗೈಯಲ್ಲಿ ಎತ್ತಿ ಹೊರಗಿಟ್ಟು, ಒರೆಸಿ, ವಾಪಸು ಕೂರಿಸಿ, ಮಿಕ್ಕ ಎರಡು ಬೋಲ್ಟುಗಳಿಂದ ಬಚ್ಚಲುಮನೆಯ ಚಿಲಕವನ್ನೂ ಸರಿಮಾಡಿದ್ದ. ನಂಬದವರು ಬಂದು ಚಿಲಕ ನೋಡಬಹುದು.

ಬದಲಿಸಬೇಕಾಗಿದ್ದದ್ದು ಒಂದೇ ಒಂದು ಸ್ವಿಚ್ಚು. ಹೆಬ್ಬೆರಳ ಗಾತ್ರದ ಹಿತ್ತಾಳೆ ತುಂಡು. ರೇಡಿಯೇಟರಿನ ಬುಡದಲ್ಲಿ ಕೂತು ನೀರಿನ ಬಿಸಿಯನ್ನು ಮುಟ್ಟಿ ನೋಡುತ್ತಿರುತ್ತದೆ. ತೊಂಬತ್ತೆರಡು ಡಿಗ್ರಿ ಆದರೆ ಒಳಗೆ ಟಿಕ್ ಎನ್ನುತ್ತದೆ, ಫ್ಯಾನು ತಿರುಗುತ್ತದೆ. ಹಳೆಯದು ಟಿಕ್ ಎನ್ನುವುದನ್ನು ಬಿಟ್ಟಿತ್ತು.

ಹೋದ ತಿಂಗಳು ಸೇತುವೆಯ ನಟ್ಟನಡುವೆ ಕಾರು ಕುದಿದು ನಿಂತಿತ್ತು. ಆ ಹಬೆ ಮೂರು ಊರಿಗೆ ಕಾಣಿಸಿತ್ತು. ಹೆಂಡತಿ ಇಳಿದು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮನೆಗೆ ನಡೆದು ಹೋಗಿದ್ದಳು. ದಡಾರನೆ ಮುಚ್ಚಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆಮೇಲೆ ಅವಳು ಆ ಕಾರು ಹತ್ತಿರಲಿಲ್ಲ.

ಇವತ್ತು ಐದು ಗಂಟೆಯ ರೈಲಿಗೆ ಅವಳು ಹೊರಡುವವಳಿದ್ದಳು. ಬೇರೆ ಊರಿನಲ್ಲಿ ಕೆಲಸ. "ಎರಡೇ ವರ್ಷ" ಎಂದಿದ್ದಳು, ಗೋಡೆಗೆ. "ಕಾರು ಸರಿಹೋದ್ರೆ ಅದರಲ್ಲೇ ಸ್ಟೇಷನ್ನಿಗೆ ಬರ್ತೀನಿ. ಇಲ್ಲಾಂದ್ರೆ ಟ್ಯಾಕ್ಸಿ."

ಸ್ಟೇಷನ್ನಿಗೆ ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ 'ಹೋಗಬೇಡ' ಎನ್ನಬೇಕೆಂದು ಅವನು ನಿಶ್ಚಯಿಸಿದ್ದ. ಮನೆಯಲ್ಲಿ ಹೇಳುವ ಹಾಗಿಲ್ಲ. ಮಾತು ಶುರುವಾದರೆ ಯಾರಾದರೊಬ್ಬರು ಇನ್ನೊಂದು ಕೋಣೆಗೆ ಎದ್ದು ಹೋಗುತ್ತಾರೆ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಎದ್ದು ಹೋಗಲು ಜಾಗವಿಲ್ಲ.

ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ. ಶಾಖದ ಪಾಠವನ್ನು ಅವನ ಹಾಗೆ ಮಾಡುವವರು ಭೂಮಂಡಲದಲ್ಲಿ ಇನ್ನೊಬ್ಬರಿಲ್ಲ. ಕಿಟಕಿಯಾಚೆ ಕಾಗೆಗಳೂ ನೋಟ್ಸು ಬರೆದುಕೊಳ್ಳುತ್ತಿದ್ದವು. ವಿದ್ಯಾರ್ಥಿಗಳು ಅವನಿಗಿಟ್ಟ ಅಡ್ಡಹೆಸರು 'ಹತ್ತುಪಟ್ಟು'. ಹೆಂಡತಿ ಹೆಸರಿಡುವ ಗೋಜಿಗೆ ಹೋಗಿರಲಿಲ್ಲ. ಅವನು ಏನು ಹೇಳಿದರೂ ಸುಮ್ಮನೆ ಹತ್ತರಿಂದ ಭಾಗಿಸಿಕೊಂಡು ಕೇಳುತ್ತಿದ್ದಳು.

ಹೊಸ ಸ್ವಿಚ್ಚನ್ನು ಪರೀಕ್ಷಿಸಲೆಂದು ಅವನು ಅದನ್ನು ದಾರಕ್ಕೆ ಕಟ್ಟಿ, ಒಲೆಯ ಮೇಲಿನ ಪಾತ್ರೆಯ ನೀರಿಗೆ ಇಳಿಬಿಟ್ಟಿದ್ದ. ಪಕ್ಕದಲ್ಲಿ ಥರ್ಮಾಮೀಟರು. ಸ್ವಿಚ್ಚಿನಿಂದ ಎರಡು ತಂತಿ, ಕರೆಂಟ್ ಹರಿದರೆ ಕೂಗುವ ಮೀಟರಿಗೆ ಹೋಗಿದ್ದವು. ಅವಳು ನೀರು ಕುಡಿಯಲು ಬಂದಳು.

"ಏನು ಬೇಯಿಸ್ತಿದ್ದೀರಿ?"

"ಸ್ವಿಚ್ಚು."

"ಉಪ್ಪು ಹಾಕಿದ್ರಾ?"

ಅವನು ನಕ್ಕ. ಅವಳೂ ಇನ್ನೇನು ನಗಬೇಕು, ಮೀಟರು ಕುಂಯ್ ಎಂದಿತು. ತೊಂಬತ್ತೆರಡು.

"ನೋಡು! ಬಿಸಿಯಾಗೋವರೆಗೂ ಕಲ್ಲಿನ ಹಾಗಿರುತ್ತೆ. ಬಿಸಿ ತಾಗಿದ ತಕ್ಷಣ ಗೊತ್ತಾಗುತ್ತೆ ಇದಕ್ಕೆ."

"ಪುಣ್ಯವಂತ ಸ್ವಿಚ್ಚು," ಎಂದಳು. ಲೋಟ ತೊಳೆದು ಬೋರಲು ಹಾಕಿ ಹೋದಳು.

ಮಧ್ಯಾಹ್ನ ಎದುರುಮನೆಯ ರಿಟೈರಾದ ಬಸ್ ಡ್ರೈವರು ದೊಡ್ಡ ಸ್ಪ್ಯಾನರು ತಂದುಕೊಟ್ಟು, ಬಗ್ಗಿ ನೋಡಿದರು.

"ಮೇಷ್ಟ್ರೇ, ಹಳೇದು ಕಚ್ಚಿಕೊಂಡುಬಿಟ್ಟಿದೆ. ಜಾಸ್ತಿ ಬಲ ಹಾಕಿದ್ರೆ ರೇಡಿಯೇಟರ್ ಸೀಳುತ್ತೆ."

"ಇಂಥವು ನೂರು ಬಿಚ್ಚಿದ್ದೀನಿ ಬಿಡಿ."

"ನೂರಾ! ಕಾರು ಬಂದು ಆರು ತಿಂಗಳಾಗಿಲ್ಲ."

"ಅದಕ್ಕೇ ನೂರು. ಇಲ್ಲದಿದ್ರೆ ಇನ್ನೂರಾಗಿರೋದು."

ಡ್ರೈವರು ತಲೆ ಕೆರೆದುಕೊಂಡು ಮಲಗಲು ಹೋದರು. ಮುಂದೆ ನಡೆದದ್ದಕ್ಕೆ ಸಾಕ್ಷಿಗಳಿಲ್ಲ. ನನ್ನ ಮಾತೇ ಗತಿ. ಅವನು ರೇಡಿಯೇಟರಿನ ನೀರು ಹಿಡಿಯಲು ಬೋಗುಣಿಯನ್ನು ಕೆಳಗಿಟ್ಟು, ಕಾರಿನಡಿ ತೂರಿ, ಸ್ಪ್ಯಾನರನ್ನು ಎರಡೇ ಬೆರಳಲ್ಲಿ ಹಿಡಿದು, ಹಳೆಯ ಸ್ವಿಚ್ಚನ್ನು ಒಮ್ಮೆ ಗದರಿದ. ಅದು ತಾನೇ ಮೂರು ಸುತ್ತು ತಿರುಗಿ ಅಂಗೈಗೆ ಬಿತ್ತು. ನೀರಿಗೆ ಸುದ್ದಿ ಮುಟ್ಟುವ ಮೊದಲೇ ಹೊಸದು ಆ ಜಾಗದಲ್ಲಿ ಕೂತಿತ್ತು. ಒಂದು ಹನಿ ಚೆಲ್ಲಿದ್ದರೆ ಕೇಳಿ.

ನಾಲ್ಕು ಗಂಟೆಗೆ ಅವಳು ಹೊರಬಂದಳು. ಕೈಯಲ್ಲಿ ಚಿಕ್ಕ ಸೂಟ್‌ಕೇಸು. ಈ ಕಾರಿನ ಡಿಕ್ಕಿಯಲ್ಲಿ ಹಿಡಿಯುವುದು ಅದೊಂದೇ. ದೊಡ್ಡದು ಬೀರುವಿನ ಮೇಲೆಯೇ ಇತ್ತು. ಎರಡು ವರ್ಷದ ಬಟ್ಟೆಬರೆಯನ್ನು ಅವಳು ಡಿಕ್ಕಿಯ ಅಳತೆಗೆ ಮಡಚಿದ್ದಳು.

ಡಿಕ್ಕಿ ತೆರೆದ. ಮುಂದೆ ಬಂದು ಕಿಟಕಿಯಿಂದ ಕೈಹಾಕಿ ಕೀಲಿ ತಿರುವಿದ. ಎಂಜಿನ್ನು ಸ್ಟಾರ್ಟ್ ಮಾಡಲೂ ಇಲ್ಲ, ಫ್ಯಾನು ಭರ್ರೆಂದು ತಿರುಗಿತು.

"ನೋಡಿದ್ಯಾ? ಬಿಚ್ಚಿ ಹಾಕೋಕೆ ನಾಲ್ಕೇ ನಿಮಿಷ."

ಅವಳು ಸೂಟ್‌ಕೇಸನ್ನು ಕೆಳಗಿಟ್ಟಳು. ಜ್ವರ ನೋಡುವವಳ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು.

"ತಣ್ಣಗಿದೆ."

"ಹೊಸದಲ್ವಾ. ಸ್ವಲ್ಪ ಚುರುಕು."

"ಬಿಸಿಯಾಗೋವರೆಗೂ ಕಲ್ಲು ಅಂದ್ರಿ ಬೆಳಿಗ್ಗೆ." ಬಗ್ಗಿ ನೋಡಿದಳು. "ಬೋಗುಣಿ ಒಣಗಿದೆ. ಸ್ವಿಚ್ಚು ಬಿಚ್ಚಿದ್ರೆ ನೀರು ಸುರೀಬೇಕಲ್ಲ?"

ಸಿಕ್ಕಿಬಿದ್ದ. ಇನ್ನು 'ಅವನು' ಎಂದು ಹೇಳಿ ಪ್ರಯೋಜನವಿಲ್ಲ. ಸಿಕ್ಕಿಬಿದ್ದವನು ನಾನು.

ಹೊಸ ಸ್ವಿಚ್ಚು ನನ್ನ ಜೇಬಿನಲ್ಲಿತ್ತು. ಎರಡು ಗಂಟೆ ಹೆಣಗಿದರೂ ಹಳೆಯದು ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಗೆ ಅದರ ಎರಡು ತಂತಿಗಳನ್ನು ಕಿತ್ತು, ಅವಳದೇ ಒಂದು ಹೇರ್‌ಪಿನ್ನಿನಿಂದ ಒಂದಕ್ಕೊಂದು ಸೇರಿಸಿದೆ. ಹಾಗೆ ಮಾಡಿದರೆ ಫ್ಯಾನಿಗೆ ಬಿಸಿ ತಣುಪು ಒಂದೂ ಗೊತ್ತಾಗುವುದಿಲ್ಲ. ಕೀಲಿ ಆನ್ ಇರುವವರೆಗೂ ತಿರುಗುತ್ತದೆ. ಎಂಜಿನ್ನನ್ನು ನಾನು ಎತ್ತಿಲ್ಲ. ಬಚ್ಚಲುಮನೆಯ ಚಿಲಕ ಸರಿಮಾಡಿದವಳು ಅವಳು, ಹೋದ ವರ್ಷ.

ಜೇಬಿನಿಂದ ಸ್ವಿಚ್ಚು ತೆಗೆದು ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಹೀಗೆ ತಂತಿ ಸೇರಿಸಿದ್ರೂ ಕಾರು ಕುದಿಯಲ್ಲ, ಅಲ್ವಾ?"

"ಕುದಿಯಲ್ಲ."

"ಸ್ಟೇಷನ್‌ವರೆಗೂ ಹೋಗಬಹುದಿತ್ತು."

"ಹೋಗಬಹುದಿತ್ತು."

"ಮತ್ಯಾಕ್ರೀ ಸುಳ್ಳು?"

"ಹೋಗಬೇಡ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಭಾಗಿಸುತ್ತಿದ್ದಳು. ಇದೊಂದನ್ನು ಭಾಗಿಸಬೇಡ ಎನ್ನಲು ಹೋದೆ. ಫ್ಯಾನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಕೀಲಿ ತಿರುವಿ ಫ್ಯಾನು ನಿಲ್ಲಿಸಿದ್ದರೆ ಆಗುತ್ತಿತ್ತು. ಕೈ ಹೋಗಲಿಲ್ಲ.

ಡಿಕ್ಕಿ ತೆರೆದೇ ಇತ್ತು. ಸೂಟ್‌ಕೇಸು ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು. ಅವಳ ಅಂಗೈ ಇನ್ನೂ ಬಾನೆಟ್ಟಿನ ಮೇಲೆ. ಅದರ ಕೆಳಗೆ, ತಣ್ಣನೆಯ ಎಂಜಿನ್ನಿಗೆ, ಫ್ಯಾನು ಗಾಳಿ ಹಾಕುತ್ತಲೇ ಇತ್ತು.